ಅಮೈಲಾಯ್ಡ್ ತೆಗೆದರೂ ನೆನಪು ಯಾಕೆ ಮರಳುವುದಿಲ್ಲ?

ಆಲ್ಝೈಮರ್ ಕಾಯಿಲೆಗೆ ಇತ್ತೀಚೆಗೆ ಎರಡು ಹೊಸ ಔಷಧಿಗಳು ಬಂದಿವೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಲೆಕಾನೆಮ್ಯಾಬ್‌ಗೆ, 2024ರಲ್ಲಿ ಡೊನಾನೆಮ್ಯಾಬ್‌ಗೆ ಒಪ್ಪಿಗೆ ಕೊಟ್ಟಿತು. ಎರಡರ ಕೆಲಸವೂ ಒಂದೇ. ಮಿದುಳಿನಲ್ಲಿ ಸೇರಿಕೊಂಡ ಅಮೈಲಾಯ್ಡ್ ಎಂಬ ಪ್ರೋಟೀನನ್ನು ತೆಗೆದುಹಾಕುವುದು. ಆ ಕೆಲಸವನ್ನು ಅವು ಚೆನ್ನಾಗಿಯೇ ಮಾಡುತ್ತವೆ. ಚಿಕಿತ್ಸೆಗೆ ಮೊದಲು ಅಮೈಲಾಯ್ಡ್ ತುಂಬಿ ಪೆಟ್ ಸ್ಕ್ಯಾನ್‌ನಲ್ಲಿ ಕೆಂಪು ಹಳದಿಯಾಗಿ ಕಾಣುತ್ತಿದ್ದ ಮಿದುಳು ಒಂದೂವರೆ ವರ್ಷ ಕಳೆಯುವ ಹೊತ್ತಿಗೆ ಹೆಚ್ಚುಕಡಿಮೆ ನೀಲಿಯಾಗಿರುತ್ತದೆ.

ಹಾಗಾದರೆ ರೋಗಿಗೆ ಮರೆತುಹೋಗಿದ್ದ ಮೊಮ್ಮಗಳ ಹೆಸರು ಮತ್ತೆ ನೆನಪಾಯಿತೇ? ಇಲ್ಲ.

ಲೆಕಾನೆಮ್ಯಾಬ್‌ನ ದೊಡ್ಡ ಪ್ರಯೋಗದಲ್ಲಿ 1,795 ಜನ ಇದ್ದರು. ಅಳತೆಗೆ ಬಳಸಿದ್ದು ಸಿಡಿಆರ್ ಎಂಬ ಮಾಪನ. ಅದರ ಕ್ರಮ ಹೀಗೆ: ವೈದ್ಯರು ಮೊದಲು ಮನೆಯವರನ್ನು ಬೇರೆ ಕೂರಿಸಿ, ಕಳೆದ ವಾರ ಮನೆಯಲ್ಲಿ ಏನೇನು ನಡೆಯಿತು ಎಂದು ಕೇಳಿಕೊಳ್ಳುತ್ತಾರೆ. ಯಾರೋ ನೆಂಟರು ಬಂದಿದ್ದರು, ಒಂದು ಮದುವೆಗೆ ಹೋಗಿದ್ದೆವು, ಹೀಗೆ. ಆಮೇಲೆ ರೋಗಿಯ ಹತ್ತಿರ ಅದನ್ನೇ ವಿಚಾರಿಸುತ್ತಾರೆ. ಯಾರು ಬಂದಿದ್ದರು, ಮದುವೆ ಎಲ್ಲಿ ಆಯಿತು? ನೆನಪು, ದಿನ-ಜಾಗದ ಅರಿವು, ದುಡ್ಡುಕಾಸಿನ ಲೆಕ್ಕ, ಹೊರಗಿನ ಓಡಾಟ, ಮನೆಗೆಲಸ, ಸ್ನಾನ ಬಟ್ಟೆ ಎಂಬ ಆರು ವಿಷಯಕ್ಕೆ ತಲಾ 3 ಅಂಕ. ಒಟ್ಟು 18. ಅಂಕ ಏರಿದಷ್ಟೂ ಸ್ಥಿತಿ ಕೆಟ್ಟಿದೆ ಎಂದು ಅರ್ಥ. 18 ತಿಂಗಳಲ್ಲಿ ಬರೀ ನೀರಿನಂಥ ಡ್ರಿಪ್ ಪಡೆದವರ ಅಂಕ ಸರಾಸರಿ 1.66 ಏರಿತು. ಔಷಧಿ ಪಡೆದವರದು 1.21 ಏರಿತು. ವ್ಯತ್ಯಾಸ 0.45. ಪತ್ರಿಕೆಗಳಲ್ಲಿ ಇದು "ಕಾಯಿಲೆ ಶೇ 27ರಷ್ಟು ನಿಧಾನ" ಎಂದು ಬಂತು. ಎರಡೂ ಒಂದೇ ಲೆಕ್ಕ, ಕೇಳಿಸುವ ರೀತಿ ಬೇರೆ ಅಷ್ಟೆ.

ಎರಡು ಗುಂಪಿನವರೂ ಕೆಳಗೇ ಇಳಿದರು ಎನ್ನುವುದನ್ನು ಗಮನಿಸಿ. ಔಷಧಿ ಪಡೆದವರು ತುಸು ನಿಧಾನವಾಗಿ ಇಳಿದರು. ಪ್ರೋಟೀನು ಬಹುಪಾಲು ಹೋದರೂ ಮರೆವು ನಿಲ್ಲಲಿಲ್ಲ. ಇದಕ್ಕೆ ಕಾರಣ ಏನು? ನನಗೆ ಕಾಣುವಂತೆ ಉತ್ತರ ಇರುವುದು ಇನ್ನೊಂದು ಪ್ರೋಟೀನಿನಲ್ಲಿ. ಕಾಯಿಲೆಯನ್ನು ಶುರು ಮಾಡುವುದು ಅಮೈಲಾಯ್ಡ್. ನೆನಪನ್ನು ಕಿತ್ತುಕೊಳ್ಳುವುದು ಬಹುಮಟ್ಟಿಗೆ ಟೌ. ಈ ಎರಡನ್ನೂ ಬಿಡಿಸಿ ನೋಡದೆ ಹೊಸ ಔಷಧಿಗಳ ಸುದ್ದಿ ಓದಿದರೆ ಒಂದೋ ಅತಿ ಆಸೆ, ಇಲ್ಲವೇ ಪೂರ್ತಿ ನಿರಾಸೆ.

ಎರಡನ್ನೂ ಮೊದಲು ಒಟ್ಟಿಗೆ ಕಂಡವರು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್. 1901ರ ನವೆಂಬರಿನಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಆಗುಸ್ಟೆ ಡೇಟರ್ ಎಂಬ 51 ವರ್ಷದ ಹೆಂಗಸನ್ನು ಕರೆತಂದರು. ಆಲ್ಝೈಮರ್ ಬರೆದಿಟ್ಟ ಪ್ರಶ್ನೋತ್ತರ ಇವತ್ತಿಗೂ ಉಳಿದಿದೆ. ನಿಮ್ಮ ಹೆಸರೇನು? "ಆಗುಸ್ಟೆ." ಮನೆತನದ ಹೆಸರು? "ಆಗುಸ್ಟೆ." ಗಂಡನ ಹೆಸರು? "ಆಗುಸ್ಟೆ ಅನ್ಸುತ್ತೆ." ಮಧ್ಯಾಹ್ನ ಆಕೆ ಹೂಕೋಸು ಮತ್ತು ಹಂದಿಮಾಂಸ ತಿನ್ನುತ್ತಿದ್ದಾಗ ಏನು ತಿನ್ನುತ್ತಿದ್ದೀರಿ ಎಂದು ಕೇಳಿದರೆ "ಪಾಲಕ್" ಎಂದರು. ವಸ್ತುಗಳನ್ನು ತೋರಿಸಿದಾಗ ಅವುಗಳ ಹೆಸರು ಹೇಳುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಏನು ತೋರಿಸಿದೆ ಎಂದರೆ ಮರೆತೇ ಹೋಗಿರುತ್ತಿತ್ತು. ಕಣ್ಣು ಸರಿ ಇದೆ, ಮಾತು ಇದೆ, ಆದರೆ ಈಗ ಕಂಡದ್ದು ಒಳಗೆ ನಿಲ್ಲುತ್ತಿಲ್ಲ.

1906ರಲ್ಲಿ ಆಕೆ ತೀರಿಕೊಂಡರು. ಅಷ್ಟರಲ್ಲಿ ಮ್ಯೂನಿಕ್‌ಗೆ ಹೋಗಿದ್ದ ಆಲ್ಝೈಮರ್ ಮಿದುಳನ್ನು ತರಿಸಿಕೊಂಡರು. ತೆಳುವಾಗಿ ಕೊಯ್ದು ಬೆಳ್ಳಿಯ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ಹೊರಗೆ ಗಂಟು ಗಂಟಾಗಿ ಏನೋ ಕೂತಿತ್ತು. ಕೋಶಗಳ ಒಳಗೆ ನಾರಿನ ಎಳೆಗಳು ಸಿಕ್ಕಾಗಿ ಹೆಣೆದುಕೊಂಡಿದ್ದವು. ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗೆನ್‌ನಲ್ಲಿ ವೈದ್ಯರ ಸಭೆಯ ಮುಂದೆ ಅವರು ಇದನ್ನಿಟ್ಟರು. ಯಾರೂ ಒಂದು ಪ್ರಶ್ನೆ ಕೂಡ ಕೇಳಲಿಲ್ಲ. ಹೊರಗಿನ ಗಂಟು ಅಮೈಲಾಯ್ಡ್, ಒಳಗಿನ ಸಿಕ್ಕು ಟೌ ಎಂದು ಗೊತ್ತಾಗಲು 1980ರ ದಶಕ ಬರಬೇಕಾಯಿತು.

ಮೊದಲು ಹೊರಗಿನ ಗಂಟಿನ ಕಥೆ.

ನಮ್ಮ ನರಕೋಶಗಳ ಪೊರೆಯಲ್ಲಿ ಎಪಿಪಿ ಎಂಬ ಉದ್ದನೆಯ ಪ್ರೋಟೀನು ಇರುತ್ತದೆ. ಕಿಣ್ವಗಳು ಅದನ್ನು ಆಗಾಗ ತುಂಡು ಮಾಡುತ್ತಿರುತ್ತವೆ. ಬೀಟಾ ಸೆಕ್ರಿಟೇಸ್ ಒಂದು ಕಡೆ, ಗ್ಯಾಮಾ ಸೆಕ್ರಿಟೇಸ್ ಇನ್ನೊಂದು ಕಡೆ ಕತ್ತರಿಸಿದರೆ ನಡುವಿನ ಚೂರು ಹೊರಬೀಳುತ್ತದೆ. ಅದೇ ಬೀಟಾ ಅಮೈಲಾಯ್ಡ್. ನನ್ನ ಮಿದುಳಲ್ಲೂ ನಿಮ್ಮ ಮಿದುಳಲ್ಲೂ ಈಗಲೂ ತಯಾರಾಗುತ್ತಿದೆ, ಹಾಗೆಯೇ ಖಾಲಿಯೂ ಆಗುತ್ತಿದೆ. 40 ಅಮೈನೋ ಆಮ್ಲಗಳ ಚೂರು ಅಷ್ಟೇನೂ ತಂಟೆಯದಲ್ಲ. 42ರ ಚೂರಿಗೆ ಅಂಟಿಕೊಳ್ಳುವ ಗುಣ ಜಾಸ್ತಿ. ವಯಸ್ಸಾದಂತೆ ಖಾಲಿಯಾಗುವುದು ನಿಧಾನವಾದರೆ ಅದು ಒಂದಕ್ಕೊಂದು ಅಂಟಿ ಗುಂಪಾಗುತ್ತದೆ, ಕೊನೆಗೆ ಪ್ಲಾಕ್ ಎಂಬ ಗಂಟಾಗಿ ಕೂರುತ್ತದೆ.

ಇದು ಕಾಯಿಲೆಗೆ ಕಾರಣವೇ ಹೌದು ಎನ್ನಲು ಆಧಾರ ಗಟ್ಟಿಯಾಗಿದೆ. ಎಪಿಪಿ ಜೀನ್ ಇರುವುದು 21ನೇ ಕ್ರೋಮೋಸೋಮಿನಲ್ಲಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಆ ಕ್ರೋಮೋಸೋಮು ಮೂರು ಪ್ರತಿ. ಅವರಲ್ಲಿ ಬಹುತೇಕ ಎಲ್ಲರ ಮಿದುಳಲ್ಲೂ ನಲವತ್ತರ ಹೊತ್ತಿಗೇ ಪ್ಲಾಕ್ ಕಾಣುತ್ತದೆ. 1991ರಲ್ಲಿ ಲಂಡನ್ನಿನ ಸಂಶೋಧಕರು ಇದೇ ಜೀನ್‌ನಲ್ಲಿ ಒಂದು ದೋಷ ಕಂಡರು. ಅದಿದ್ದ ಕುಟುಂಬದಲ್ಲಿ ಕಾಯಿಲೆ ತಲೆಮಾರಿನಿಂದ ತಲೆಮಾರಿಗೆ ಬರುತ್ತಿತ್ತು. ಇದಕ್ಕೆ ತದ್ವಿರುದ್ಧವಾದದ್ದು 2012ರಲ್ಲಿ ಐಸ್‌ಲ್ಯಾಂಡಿನಲ್ಲಿ ಸಿಕ್ಕಿತು. ಅಲ್ಲಿ ಕೆಲವರ ಎಪಿಪಿ ಜೀನ್‌ನಲ್ಲಿ ಅಮೈಲಾಯ್ಡ್ ಕಡಿಮೆ ತಯಾರಾಗುವಂಥ ಬದಲಾವಣೆ ಇತ್ತು. ಅಂಥವರಿಗೆ ಇಳಿವಯಸ್ಸಿನಲ್ಲಿ ಆಲ್ಝೈಮರ್ ಬರುವುದು ಬಲು ಅಪರೂಪ. ಜಾಸ್ತಿ ಮಾಡಿದರೆ ಕಾಯಿಲೆ, ಕಡಿಮೆ ಮಾಡಿದರೆ ರಕ್ಷಣೆ. ಇಷ್ಟಾದ ಮೇಲೂ ಅಮೈಲಾಯ್ಡ್‌ಗೂ ಕಾಯಿಲೆಗೂ ಸಂಬಂಧ ಇಲ್ಲ ಎಂದು ವಾದಿಸುವವರು ಇದ್ದಾರೆ. ಆ ವಾದ ನನಗೆ ಒಪ್ಪಿಗೆಯಾಗಿಲ್ಲ.

ಅಮೈಲಾಯ್ಡ್ ನೆನಪಿಗೆ ನೇರವಾಗಿಯೂ ತೊಂದರೆ ಕೊಡುತ್ತದೆ. ಎರಡು ನರಕೋಶಗಳು ಸೇರುವ ಜಾಗಕ್ಕೆ ಸಿನಾಪ್ಸ್ ಎನ್ನುತ್ತಾರೆ. ಹೊಸದೊಂದು ಸಂಗತಿ ಕಲಿತಾಗ ಕೆಲವು ಸಿನಾಪ್ಸ್‌ಗಳು ಗಟ್ಟಿಯಾಗುತ್ತವೆ. ಈ ಗಟ್ಟಿತನ ಗಂಟೆಗಟ್ಟಲೆ, ದಿನಗಟ್ಟಲೆ ಉಳಿಯುತ್ತದೆ. ನೆನಪು ಎಂದು ನಾವು ಕರೆಯುವುದರ ಬುಡ ಇದು. 2008ರಲ್ಲಿ ಹಾರ್ವರ್ಡ್‌ನ ಡೆನಿಸ್ ಸೆಲ್ಕೋ ಅವರ ತಂಡ ತೀರಿಹೋದ ಆಲ್ಝೈಮರ್ ರೋಗಿಗಳ ಮಿದುಳಿನಿಂದ ಅಮೈಲಾಯ್ಡ್ ತೆಗೆದು ಇಲಿಗಳಿಗೆ ಕೊಟ್ಟು ನೋಡಿತು. ನೀರಿನಲ್ಲಿ ಕರಗುವ ಪುಟ್ಟ ಗುಂಪುಗಳು ಸಿನಾಪ್ಸ್ ಗಟ್ಟಿಯಾಗುವುದನ್ನೇ ತಡೆದವು. ಇಲಿಗಳು ಕಲಿತದ್ದನ್ನು ಮರೆತವು. ಕರಗದೆ ಕೂತ ಪ್ಲಾಕ್‌ನ ತಿರುಳು ಮಾತ್ರ, ಒಡೆಯುವ ತನಕ, ಹೆಚ್ಚೇನೂ ಮಾಡಲಿಲ್ಲ. ಅಂದರೆ ಸ್ಕ್ಯಾನ್‌ನಲ್ಲಿ ಎದ್ದು ಕಾಣುವ ಗಂಟಿಗಿಂತ ಕಣ್ಣಿಗೆ ಬೀಳದ ಸಣ್ಣ ಗುಂಪೇ ಅಪಾಯ. 2016ರಲ್ಲಿ ಬೆತ್ ಸ್ಟೀವನ್ಸ್ ಅವರ ತಂಡ ಇಲಿಗಳಲ್ಲಿ ಇನ್ನೊಂದು ಸಂಗತಿ ತೋರಿಸಿತು. ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಇಂಥ ಜಾಗಗಳಲ್ಲಿ ಸಿನಾಪ್ಸ್‌ಗಳನ್ನೇ ತಿಂದುಹಾಕುತ್ತವೆ, ಅದೂ ಪ್ಲಾಕ್ ಕಟ್ಟುವುದಕ್ಕೆ ಮುಂಚೆಯೇ.

ಇಲ್ಲೊಂದು ಮಾತು ಹೇಳಿಬಿಡಬೇಕು. ಸಣ್ಣ ಗುಂಪುಗಳ ಬಗ್ಗೆ 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಹೆಸರಾಂತ ಪ್ರಬಂಧವೊಂದರ ಚಿತ್ರಗಳನ್ನು ತಿದ್ದಲಾಗಿದೆ ಎಂಬ ಆರೋಪ 2022ರಲ್ಲಿ ಎದ್ದಿತು. 2024ರಲ್ಲಿ ಆ ಪ್ರಬಂಧವನ್ನು ಹಿಂದಕ್ಕೆ ಪಡೆದರು. "ಆಲ್ಝೈಮರ್ ಸಂಶೋಧನೆ ಎಲ್ಲಾ ಬೋಗಸ್" ಎಂಬ ಸಂದೇಶಗಳು ವಾಟ್ಸ್ಆ್ಯಪ್‌ನಲ್ಲಿ ಓಡಾಡಲು ಮೂಲ ಇದೇ. ಬಿದ್ದದ್ದು ಒಂದು ನಿರ್ದಿಷ್ಟ ಅಮೈಲಾಯ್ಡ್ ಗುಂಪಿನ ಕಥೆ. ಮೇಲೆ ಹೇಳಿದ ಜೀನ್‌ಗಳ ಸಾಕ್ಷ್ಯಕ್ಕೆ ಅದರಿಂದ ಏನೂ ಆಗಿಲ್ಲ.

ಈಗ ಒಗಟಿಗೆ ಬರೋಣ. ಅಮೈಲಾಯ್ಡ್ ಗಂಟುಗಳು ಮೊದಲು ಕೂರುವುದು ಮಿದುಳಿನ ಹೊರಪದರದಲ್ಲಿ. ಹೊಸ ನೆನಪು ಹುಟ್ಟುವ ಜಾಗವಾದ ಹಿಪೊಕ್ಯಾಂಪಸ್‌ಗೆ ಅವು ಬರುವುದು ಆಮೇಲೆ. ಆದರೆ ಕಾಯಿಲೆಯ ಮೊದಲ ಲಕ್ಷಣ ಯಾವುದು? ಹೊಸ ನೆನಪು ನಿಲ್ಲದಿರುವುದೇ ಅಲ್ವಾ? ಗಂಟು ಒಂದು ಕಡೆ, ಪೆಟ್ಟು ಇನ್ನೊಂದು ಕಡೆ. ಸಾಲದ್ದಕ್ಕೆ, ಅಮೈಲಾಯ್ಡ್ ಎಷ್ಟಿದೆ ಎಂದು ನೋಡಿ ಮರೆವು ಎಷ್ಟಿದೆ ಎಂದು ಹೇಳಲು ಬರುವುದಿಲ್ಲ. ತಲೆತುಂಬ ಪ್ಲಾಕ್ ಇಟ್ಟುಕೊಂಡು ಅಚ್ಚುಕಟ್ಟಾಗಿ ಬ್ಯಾಂಕಿನ ವ್ಯವಹಾರ ನೋಡಿಕೊಳ್ಳುವ ಹಿರಿಯರು ಬೇಕಾದಷ್ಟು ಜನ ಇದ್ದಾರೆ.

ಟೌ ಹಾಗಲ್ಲ. ಅದು ಎಲ್ಲಿದೆ ಎಂದು ನೋಡಿದರೆ ಏನು ಹೋಗಿದೆ ಎಂದು ಹೇಳಬಹುದು.

ನರಕೋಶದ ಬಾಲ ಬಹಳ ಉದ್ದ. ಕೋಶದ ಒಡಲಲ್ಲಿ ತಯಾರಾದ ಸಾಮಗ್ರಿ ಬಾಲದ ತುದಿಯ ಸಿನಾಪ್ಸ್ ತನಕ ಹೋಗಬೇಕು. ಅದಕ್ಕಾಗಿ ಒಳಗೆ ಸೂಕ್ಷ್ಮ ಕೊಳವೆಗಳಿವೆ. ಆ ಕೊಳವೆಗಳನ್ನು ಬಿಗಿಯಾಗಿ ಹಿಡಿದಿಡುವುದು ಟೌ. ಕಾಯಿಲೆಯಲ್ಲಿ ಟೌ ಮೇಲೆ ಅತಿಯಾಗಿ ಫಾಸ್ಫೇಟ್ ಕೂರುತ್ತದೆ. ಆಗ ಅದು ಕೊಳವೆಯನ್ನು ಬಿಟ್ಟು ತನ್ನಲ್ಲೇ ಸುತ್ತಿಕೊಳ್ಳುತ್ತದೆ. ಸಾಗಾಟ ಕೆಡುತ್ತದೆ. ತುದಿಯ ಸಿನಾಪ್ಸ್‌ಗಳು ಮೊದಲು ಒಣಗುತ್ತವೆ, ಆಮೇಲೆ ಕೋಶವೇ ಸಾಯುತ್ತದೆ. ಕೆಟ್ಟ ಟೌ ಒಂದು ಕೋಶದಿಂದ ಅದಕ್ಕೆ ಜೋಡಿಸಿಕೊಂಡ ಇನ್ನೊಂದು ಕೋಶಕ್ಕೂ ದಾಟುತ್ತದೆ.

ಇದು ಸಾಗುವ ದಾರಿಯನ್ನು ಜರ್ಮನಿಯ ಹೈಕೊ ಬ್ರಾಕ್ ಮತ್ತು ಎವಾ ಬ್ರಾಕ್ ದಂಪತಿ 1991ರಲ್ಲಿ ಗುರುತಿಸಿದರು. ಸಿಕ್ಕುಗಳು ಎಲ್ಲಿ ಬೇಕೆಂದರಲ್ಲಿ ಹುಟ್ಟುವುದಿಲ್ಲ. ಶುರು ಕಿವಿಯ ನೇರಕ್ಕೆ ಒಳಗಿರುವ ಎಂಟೊರೈನಲ್ ಕಾರ್ಟೆಕ್ಸ್‌ನಿಂದ. ಅಲ್ಲಿಂದ ಪಕ್ಕದ ಹಿಪೊಕ್ಯಾಂಪಸ್‌ಗೆ. ಆಮೇಲೆ ಭಾವನೆಗೆ ಸಂಬಂಧಿಸಿದ ಭಾಗಗಳಿಗೆ. ಕೊನೆಗೆ ಮಾತು, ಯೋಚನೆ, ನಿರ್ಧಾರಗಳ ಹೊರಪದರಕ್ಕೆ.

ಎಂಟೊರೈನಲ್ ಕಾರ್ಟೆಕ್ಸ್ ಚಿಕ್ಕ ಜಾಗ. ಆದರೆ ಹೊರಗಿನ ಸುದ್ದಿ ಹಿಪೊಕ್ಯಾಂಪಸ್‌ಗೆ ಹೋಗುವುದು ಮುಖ್ಯವಾಗಿ ಅದರ ಮೂಲಕ, ಅದರಲ್ಲೂ ಎರಡನೇ ಪದರದ ನರಕೋಶಗಳ ಮೂಲಕ. 1996ರ ಒಂದು ಅಧ್ಯಯನದಲ್ಲಿ ಕಾಯಿಲೆ ತೀರಾ ಆರಂಭದಲ್ಲಿದ್ದಾಗಲೇ ತೀರಿಕೊಂಡವರ ಮಿದುಳಿನಲ್ಲಿ ಈ ಕೋಶಗಳನ್ನು ಎಣಿಸಿದರು. ಎರಡನೇ ಪದರದಲ್ಲಿ ಶೇ 60ರಷ್ಟು ಆಗಲೇ ಹೋಗಿದ್ದವು. ಮನೆಯವರು "ಅಪ್ಪನಿಗೆ ಇತ್ತೀಚೆಗೆ ಯಾಕೋ ಮರೆವು" ಎನ್ನುವ ಹೊತ್ತಿಗೆ ಒಳಗೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದಿರುತ್ತದೆ.

ಮನೆಯಲ್ಲಿ ಕಾಣುವ ಲಕ್ಷಣಗಳನ್ನು ಈ ದಾರಿಯ ಪಕ್ಕ ಇಟ್ಟು ನೋಡಿ. ಅಮ್ಮ ಕೇಳಿದ್ದನ್ನೇ ಐದು ನಿಮಿಷಕ್ಕೊಮ್ಮೆ ಕೇಳುತ್ತಾರೆ. ಉತ್ತರ ಕಿವಿಗೆ ಬಿತ್ತು, ಅರ್ಥವೂ ಆಯಿತು, ಹಿಪೊಕ್ಯಾಂಪಸ್‌ನಲ್ಲಿ ಮಾತ್ರ ದಾಖಲಾಗಲಿಲ್ಲ. ಸಾರಿಗೆ ಉಪ್ಪು ಹಾಕಿದ್ದು ನೆನಪಿಲ್ಲದೆ ಮತ್ತೊಮ್ಮೆ ಹಾಕುತ್ತಾರೆ. ಇದನ್ನು ಅಜಾಗರೂಕತೆ ಎಂದು ಬೈಯುವುದರಲ್ಲಿ ಅರ್ಥವಿಲ್ಲ. ಹಾಕಿದ ಘಟನೆಯೇ ಅವರ ಪಾಲಿಗೆ ನಡೆದಿಲ್ಲ. ಮೂವತ್ತು ವರ್ಷ ನಡೆದ ಬೀದಿಯಲ್ಲಿ ದಾರಿ ತಪ್ಪುವುದಕ್ಕೂ ಕಾರಣ ಇಲ್ಲೇ ಇರಬೇಕು. ನಾವು ಎಲ್ಲಿದ್ದೇವೆ ಎಂಬ ನಕ್ಷೆ ಇಡುವ ವಿಶೇಷ ಕೋಶಗಳನ್ನು ನಾರ್ವೆಯ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ 2005ರಲ್ಲಿ ಇಲಿಗಳ ಎಂಟೊರೈನಲ್ ಕಾರ್ಟೆಕ್ಸ್‌ನಲ್ಲೇ ಕಂಡರು. 2014ರ ನೊಬೆಲ್ ಬಂದದ್ದು ಅದಕ್ಕೆ.

ಅದೇ ಅಮ್ಮ ತವರಿನ ಬಾವಿ, ಶಾಲೆಯ ಮೇಷ್ಟ್ರು, ಮದುವೆಯ ದಿನದ ಮಳೆ ಎಲ್ಲವನ್ನೂ ಸೊಗಸಾಗಿ ಹೇಳುತ್ತಾರೆ. ಹಳೆಯ ನೆನಪುಗಳು ವರ್ಷಗಳು ಕಳೆದಂತೆ ಹೊರಪದರದಲ್ಲಿ ಹರಡಿಕೊಂಡಿರುತ್ತವೆ, ಹಿಪೊಕ್ಯಾಂಪಸ್‌ನ ಹಂಗು ಅವುಗಳಿಗೆ ಅಷ್ಟಿಲ್ಲ. ಟೌ ಅಲ್ಲಿಗೆ ತಲುಪುವ ತನಕ ಅವು ಉಳಿಯುತ್ತವೆ. ಹೂ ಕಟ್ಟುವುದು, ರಂಗೋಲಿ ಎಳೆಯುವುದು, ಬಾಯಿಪಾಠವಾದ ದೇವರನಾಮ ಹೇಳುವುದು ಇನ್ನೂ ತಡವಾಗಿ ಹೋಗುತ್ತವೆ. ಕೈಗೆ ರೂಢಿಯಾದ ಕೆಲಸವನ್ನು ನೋಡಿಕೊಳ್ಳುವ ಭಾಗಗಳೇ ಬೇರೆ. "ಐವತ್ತು ವರ್ಷದ ಹಿಂದಿನದು ನೆನಪಿದೆ, ಬೆಳಿಗ್ಗೆ ತಿಂಡಿ ತಿಂದದ್ದು ಗೊತ್ತಿಲ್ವಂತೆ, ಎಲ್ಲಾ ನಾಟಕ" ಎಂದು ಸೊಸೆಯೋ ಮಗನೋ ಗೊಣಗುವುದನ್ನು ಅನೇಕ ಮನೆಗಳಲ್ಲಿ ಕೇಳಬಹುದು. ನಾಟಕ ಖಂಡಿತ ಅಲ್ಲ. ಟೌ ಹರಡುವ ಕ್ರಮವೇ ಹಾಗೆ.

ಇನ್ನೊಂದು ಸೂಕ್ಷ್ಮ ಇದೆ. ಎಂಟೊರೈನಲ್ ಕಾರ್ಟೆಕ್ಸ್‌ನಲ್ಲಿ ಸ್ವಲ್ಪ ಟೌ ಸಿಕ್ಕು ವಯಸ್ಸಾದ ಬಹಳಷ್ಟು ಜನರಲ್ಲಿ ಇರುತ್ತದೆ. ಅಮೈಲಾಯ್ಡ್ ಇಲ್ಲದಿದ್ದರೆ ಅದು ಸಾಮಾನ್ಯವಾಗಿ ಅಲ್ಲೇ ಸುತ್ತಮುತ್ತ ನಿಲ್ಲುತ್ತದೆ. ಹೆಸರು ಥಟ್ಟನೆ ನೆನಪಾಗದಂಥ ತೊಂದರೆಯಲ್ಲೇ ಕಾಲ ಕಳೆಯುತ್ತದೆ. ಹೊರಪದರದಲ್ಲಿ ಅಮೈಲಾಯ್ಡ್ ಸೇರಿಕೊಂಡಾಗ ಮಾತ್ರ ಟೌ ಆ ಗಡಿ ದಾಟಿ ಹರಡುತ್ತದೆ. ಅಮೈಲಾಯ್ಡ್ ಇದನ್ನು ಹೇಗೆ ಮಾಡಿಸುತ್ತದೆ ಎಂಬುದರ ಮೇಲೆ ಇನ್ನೂ ಜಗಳ ಇದೆ. ಮಾಡಿಸುತ್ತದೆ ಎಂಬುದರ ಮೇಲೆ ಅಷ್ಟಿಲ್ಲ.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಸಾಕ್ಷಿ ಕೊಲಂಬಿಯಾ ದೇಶದ ಒಬ್ಬ ಹೆಂಗಸು. ಅಲ್ಲಿನ ಆಂಟಿಯೋಕಿಯಾ ಪ್ರಾಂತ್ಯದಲ್ಲಿ ಸುಮಾರು 6,000 ಜನರ ಒಂದು ದೊಡ್ಡ ಬಳಗ ಇದೆ. ಅವರಲ್ಲಿ ಅನೇಕರಿಗೆ ಪ್ರೆಸೆನಿಲಿನ್ 1 ಎಂಬ ಜೀನ್‌ನಲ್ಲಿ ಒಂದೇ ದೋಷ. ಅದಿದ್ದವರಿಗೆ 44ರ ಆಸುಪಾಸಿಗೆ ಮರೆವು ಶುರು, 49ರ ಹೊತ್ತಿಗೆ ಪೂರ್ತಿ ಡಿಮೆನ್ಷಿಯಾ. ನರರೋಗ ತಜ್ಞ ಫ್ರಾನ್ಸಿಸ್ಕೊ ಲೊಪೆರಾ 1980ರ ದಶಕದಿಂದ 2024ರಲ್ಲಿ ತೀರಿಕೊಳ್ಳುವ ತನಕ ಈ ಕುಟುಂಬಗಳ ಜೊತೆಗೇ ಇದ್ದರು. ಬಳಗದಲ್ಲಿ ಅಲಿರಿಯಾ ರೋಸಾ ಪೀಡ್ರಾಹಿತಾ ಎಂಬಾಕೆಗೂ ಅದೇ ದೋಷ ಇತ್ತು. ಆದರೆ ನಲವತ್ತು ದಾಟಿತು, ಐವತ್ತು, ಅರವತ್ತು ದಾಟಿತು, ಆಕೆಗೆ ಏನೂ ಆಗಲಿಲ್ಲ. ಎಪ್ಪತ್ತರ ನಂತರ ಸಣ್ಣ ಮಟ್ಟದ ಮರೆವು ಕಾಣಿಸಿತು, ಅಷ್ಟೆ.

ಬಾಸ್ಟನ್‌ಗೆ ಕರೆದೊಯ್ದು ಸ್ಕ್ಯಾನ್ ಮಾಡಿದರು. ಅಮೈಲಾಯ್ಡ್ ಕಡಿಮೆ ಇರಬೇಕು ಎಂದುಕೊಂಡವರಿಗೆ ಆಶ್ಚರ್ಯ ಕಾದಿತ್ತು. ಆ ಬಳಗದಲ್ಲಿ ಐವತ್ತರೊಳಗೇ ಡಿಮೆನ್ಷಿಯಾ ಬಂದವರಿಗಿಂತಲೂ ಆಕೆಯ ಮಿದುಳಲ್ಲಿ ಅಮೈಲಾಯ್ಡ್ ಜಾಸ್ತಿ ಇತ್ತು. ಕಡಿಮೆ ಇದ್ದದ್ದು ಟೌ. 2019ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಆಕೆಗೆ ಎಪಿಒಇ ಜೀನ್‌ನ ಕ್ರೈಸ್ಟ್‌ಚರ್ಚ್ ಎಂಬ ಅಪರೂಪದ ರೂಪ, ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಂದಿತ್ತು. ಅಮೈಲಾಯ್ಡ್‌ನಿಂದ ಟೌಗೆ ಹೋಗುವ ದಾರಿಯನ್ನು ಅದು ಎಲ್ಲೋ ತುಂಡರಿಸಿರಬೇಕು. 2020ರಲ್ಲಿ, 77ನೇ ವಯಸ್ಸಿನಲ್ಲಿ ಆಕೆ ತೀರಿಕೊಂಡಿದ್ದು ಚರ್ಮದ ಕ್ಯಾನ್ಸರಿನಿಂದ.

ಅದೇ ಬಳಗದ ಒಬ್ಬ ಗಂಡಸಿನ ಬಗ್ಗೆ 2023ರಲ್ಲಿ ಇನ್ನೊಂದು ವರದಿ ಬಂತು. ಅವರು 67ರ ತನಕ ಚೆನ್ನಾಗಿದ್ದರು. ಅವರಲ್ಲಿ ಅಮೈಲಾಯ್ಡ್ ಧಾರಾಳ, ಮಿದುಳಿನ ಬೇರೆ ಕಡೆ ಟೌ ಕೂಡ ಇತ್ತು. ಎಂಟೊರೈನಲ್ ಕಾರ್ಟೆಕ್ಸ್‌ನಲ್ಲಿ ಮಾತ್ರ ಟೌ ತೀರಾ ಕಡಿಮೆ. ರೀಲಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿದ್ದ ಬದಲಾವಣೆ ಆ ಒಂದು ಚಿಕ್ಕ ಜಾಗವನ್ನು ಕಾಪಾಡಿತ್ತು. ಇಬ್ಬರೇ ವ್ಯಕ್ತಿಗಳಿಂದ ಎಲ್ಲವನ್ನೂ ಹೇಳಲಾಗದು, ನಿಜ. ಆದರೂ ಮನುಷ್ಯರ ಮೇಲೆ ಮಾಡಲಾಗದ ಪ್ರಯೋಗವನ್ನು ಪ್ರಕೃತಿಯೇ ಮಾಡಿ ತೋರಿಸಿದಂತಿದೆ.

ಈಗ ಔಷಧಿಗಳ ಕಡೆ ಮತ್ತೆ ನೋಡಿದರೆ ಚಿತ್ರ ತಿಳಿಯಾಗುತ್ತದೆ. ಅಮೈಲಾಯ್ಡ್ ಬೆಂಕಿಕಡ್ಡಿ, ಟೌ ಹುಲ್ಲಿನ ಬಣವೆಗೆ ಹತ್ತಿದ ಬೆಂಕಿ ಎಂದುಕೊಳ್ಳಿ. ಬಣವೆ ಹತ್ತಿ ಉರಿಯುವಾಗ ಕಡ್ಡಿ ಆರಿಸಿ ಏನು ಬಂತು? ಅಮೈಲಾಯ್ಡ್ ಸೇರಲು ಶುರುವಾಗುವುದು ಮರೆವಿಗಿಂತ ಹದಿನೈದು ಇಪ್ಪತ್ತು ವರ್ಷ ಮೊದಲು. ನಾವು ಆಸ್ಪತ್ರೆಗೆ ಹೋಗುವುದು ಬಣವೆ ಹತ್ತಿದ ಮೇಲೆ.

ಹಿಂದಿನ ಸೋಲುಗಳು ಇನ್ನೂ ದೊಡ್ಡವು. ಗ್ಯಾಮಾ ಸೆಕ್ರಿಟೇಸನ್ನು ತಡೆಯುವ ಸೆಮಗಸೆಸ್ಟಾಟ್ ಪ್ರಯೋಗವನ್ನು 2010ರಲ್ಲಿ ನಿಲ್ಲಿಸಿದರು, ಕಾರಣ ಮಾತ್ರೆ ತೆಗೆದುಕೊಂಡವರ ಸ್ಥಿತಿ ಇನ್ನಷ್ಟು ಹದಗೆಟ್ಟಿತು. ಬೀಟಾ ಸೆಕ್ರಿಟೇಸನ್ನು ತಡೆಯುವ ವೆರುಬೆಸೆಸ್ಟಾಟ್ ಕೂಡ ಬಿತ್ತು. ಆ ಕಿಣ್ವಗಳಿಗೆ ಮಿದುಳಲ್ಲಿ ಬೇರೆ ಕೆಲಸಗಳೂ ಇವೆ, ಸುಮ್ನೆ ಕಟ್ಟಿಹಾಕಲು ಬರುವುದಿಲ್ಲ. 2021ರಲ್ಲಿ ಅಡುಕನುಮ್ಯಾಬ್‌ಗೆ ಎಫ್‌ಡಿಎ ಒಪ್ಪಿಗೆ ಕೊಟ್ಟಾಗ ಅದರದೇ ಸಲಹಾ ಸಮಿತಿಯ ತಜ್ಞರು ಬೇಡ ಎಂದಿದ್ದರು. 2024ರ ಜನವರಿಯಲ್ಲಿ ಕಂಪನಿಯೇ ಅದನ್ನು ಕೈಬಿಡುವುದಾಗಿ ಹೇಳಿತು.

ಡೊನಾನೆಮ್ಯಾಬ್ ಪ್ರಯೋಗ ಒಂದು ಜಾಣತನ ಮಾಡಿತು. 1,736 ಜನರನ್ನು ಮೊದಲೇ ಟೌ ಸ್ಕ್ಯಾನ್ ಮಾಡಿ ಬೇರೆ ಬೇರೆ ಇಟ್ಟಿತು. ಟೌ ಕಡಿಮೆ ಅಥವಾ ಮಧ್ಯಮ ಮಟ್ಟದಲ್ಲಿದ್ದವರಲ್ಲಿ ಕಾಯಿಲೆ ಶೇ 35ರಷ್ಟು ನಿಧಾನವಾಯಿತು. ಟೌ ಜಾಸ್ತಿ ಇದ್ದವರನ್ನೂ ಸೇರಿಸಿ ನೋಡಿದಾಗ ಲಾಭ ಇಳಿಯಿತು. ಔಷಧಿ ಪಡೆದವರಲ್ಲಿ ಅಮೈಲಾಯ್ಡ್ ಬಹುಪಾಲು ಇಳಿದಿತ್ತು. ಫಲಿತಾಂಶ ಬೇರೆಯಾದದ್ದು ಟೌ ಎಲ್ಲಿಯ ತನಕ ಬಂದಿತ್ತು ಎಂಬುದರಿಂದ.

ಈ ಲಾಭಕ್ಕೆ ಬೆಲೆಯೂ ಇದೆ. ರಕ್ತನಾಳದ ಗೋಡೆಯಲ್ಲೂ ಅಮೈಲಾಯ್ಡ್ ಇರುತ್ತದೆ. ಅದನ್ನು ಕೀಳುವಾಗ ಮಿದುಳು ಊದಬಹುದು, ಸಣ್ಣ ರಕ್ತಸ್ರಾವ ಆಗಬಹುದು. ಲೆಕಾನೆಮ್ಯಾಬ್ ಪಡೆದವರಲ್ಲಿ ಶೇ 12.6 ಜನರಿಗೆ ಊತ ಕಂಡಿತು. ಬಹಳಷ್ಟು ಜನರಿಗೆ ಅದರ ಲಕ್ಷಣವೇ ಗೊತ್ತಾಗಲಿಲ್ಲ, ಕೆಲವು ಸಾವುಗಳೂ ಆದವು. ಎಪಿಒಇ ಜೀನ್‌ನ ಇನ್ನೊಂದು ರೂಪವಾದ ಎಪಿಒಇ4 ಎರಡು ಪ್ರತಿ ಇದ್ದವರಲ್ಲಿ ಊತದ ಪ್ರಮಾಣ ಶೇ 32ಕ್ಕೂ ಹೆಚ್ಚು. ಅದಕ್ಕೇ ಔಷಧಿ ಕೊಡುವ ಮೊದಲು ಜೀನ್ ಪರೀಕ್ಷೆ, ನಡುನಡುವೆ ಎಂಆರ್‌ಐ, ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಂದು ಡ್ರಿಪ್. ಅಮೆರಿಕದಲ್ಲಿ ಲೆಕಾನೆಮ್ಯಾಬ್‌ಗೆ ವರ್ಷಕ್ಕೆ 26,500 ಡಾಲರ್ ಎಂದು ಬೆಲೆ ಇಟ್ಟರು. 0.45 ಅಂಕಕ್ಕೆ ಇಷ್ಟು ಕೊಡಬೇಕೇ ಎಂದು ನನ್ನನ್ನು ಕೇಳಿದರೆ, ಆರಂಭದ ಹಂತದಲ್ಲಿರುವ, ಎಪಿಒಇ4 ಇಲ್ಲದ, ಖರ್ಚು ತಡೆದುಕೊಳ್ಳಬಲ್ಲ ಒಬ್ಬರಿಗೆ ಇರಬಹುದು ಎನ್ನುತ್ತೇನೆ. ಮನೆ ಮಾರಿ ಕೊಡಿಸುವಂಥದ್ದಂತೂ ಅಲ್ಲ.

ನಮ್ಮಲ್ಲಿ ಲೆಕ್ಕಾಚಾರ ಇನ್ನೂ ಜಟಿಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4 ಜನರಿಗೆ ಡಿಮೆನ್ಷಿಯಾ ಇದೆ. ಸುಮಾರು 88 ಲಕ್ಷ ಜನ. ಇವರೆಲ್ಲರದೂ ಆಲ್ಝೈಮರ್ ಅಲ್ಲ. ಬಿಪಿ, ಸಕ್ಕರೆ ಕಾಯಿಲೆಯಿಂದ ಮಿದುಳಿನ ಸಣ್ಣ ರಕ್ತನಾಳಗಳು ಕೆಟ್ಟು ಬರುವ ಮರೆವೂ ಇದೆ. ಎರಡೂ ಸೇರಿಕೊಂಡಿರುವವರು ಬಹಳ. ಅಂಥವರಿಗೆ ಅಮೈಲಾಯ್ಡ್ ಒಂದನ್ನೇ ತೆಗೆದರೆ ಸಿಗುವುದು ಇನ್ನೂ ಕಡಿಮೆ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಸಾವಿರಾರು ಜನರನ್ನು ವರ್ಷಗಳ ಕಾಲ ಪರೀಕ್ಷಿಸುತ್ತಿರುವುದು ಇದಕ್ಕಾಗಿಯೇ. ಮೇಲೆ ಹೇಳಿದ ಔಷಧಿ ಪ್ರಯೋಗಗಳ ಅಂಕಿಗಳು ಬಹುಪಾಲು ಬಿಳಿಯರ ಮಿದುಳಿನವು. ಮಾವಿನ ತೋಟದಲ್ಲಿ ದುಡಿಯುವ, ಶಾಲೆಗೆ ಹೋಗದ ಹೆಂಗಸಿನ ಮಿದುಳು ಹೇಗೆ ವಯಸ್ಸಾಗುತ್ತದೆ ಎಂದು ನಾವೇ ನೋಡಬೇಕು. ನೆನಪಿನ ಪರೀಕ್ಷೆಗಳೂ ಓದು ಬರಹ ಬಲ್ಲವರಿಗೆಂದೇ ಹುಟ್ಟಿದವು. ಐಸಿಎಂಆರ್ ತಯಾರಿಸಿದ ಪರೀಕ್ಷೆಗಳ ಗುಚ್ಛ ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಈಗ ಸಿಗುತ್ತದೆ.

ಪ್ರೋಟೀನು ಇದ್ದೂ ಮರೆವು ತಡವಾಗುವುದಕ್ಕೆ ನಮ್ಮ ಕಡೆಯದೇ ಒಂದು ಉದಾಹರಣೆ ಇದೆ. ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಡಿಮೆನ್ಷಿಯಾ ಇದ್ದ 648 ಜನರ ದಾಖಲೆ ನೋಡಿದರು. 2013ರಲ್ಲಿ ಅದು ಪ್ರಕಟವಾಯಿತು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಇದು ನಿಜವಾಗಿತ್ತು. ಮನೆಯಲ್ಲಿ ತುಳು, ಅಂಗಡಿಯಲ್ಲಿ ಕನ್ನಡ, ಕೆಲಸದಲ್ಲಿ ಇಂಗ್ಲಿಷ್ ಎಂದು ಬದುಕುವ ನಮಗೆ ಕೇಳಲು ಖುಷಿ. ಆದರೆ ಭಾಷೆ ಟೌಅನ್ನು ತಡೆಯುತ್ತದೆ ಎಂದು ಇದರಿಂದ ಹೇಳಲಾಗದು. ಕೋಶಗಳು ಸತ್ತರೂ ಬೇರೆ ದಾರಿಯಲ್ಲಿ ಕೆಲಸ ಸಾಗಿಸುವ ಶಕ್ತಿ ಇಂಥ ಮಿದುಳಿಗೆ ಜಾಸ್ತಿ ಇರಬಹುದು, ಅಷ್ಟರಮಟ್ಟಿಗೆ ನಂಬಬಹುದು.

ಪರೀಕ್ಷೆಯ ವಿಷಯದಲ್ಲಿ ಒಂದು ಎಚ್ಚರ. ಫಾಸ್ಫೇಟ್ ಕೂತ ಟೌನ ಒಂದು ಬಗೆಯಾದ ಪಿ-ಟೌ217 ರಕ್ತದಲ್ಲೇ ಸಿಗುತ್ತದೆ. ಅದನ್ನು ಆಧರಿಸಿದ ರಕ್ತ ಪರೀಕ್ಷೆಗೆ 2025ರ ಮೇನಲ್ಲಿ ಎಫ್‌ಡಿಎ ಅನುಮತಿ ಕೊಟ್ಟಿತು. ಅದು ಇರುವುದು ಮರೆವಿನ ಲಕ್ಷಣ ಇದ್ದು ತಜ್ಞರ ಹತ್ತಿರ ಬಂದವರಿಗೆ. ಐವತ್ತು ತುಂಬಿತು, ಒಮ್ಮೆ ನೋಡಿಬಿಡೋಣ ಎಂದು ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಸೇರಿಸಿಕೊಳ್ಳುವಂಥದ್ದಲ್ಲ. ಮನೆಯಲ್ಲಿ ಯಾರಿಗಾದರೂ ಮರೆವು ಶುರುವಾದರೆ ಮೊದಲು ನೋಡಬೇಕಾದದ್ದು ಬಿ12, ಥೈರಾಯ್ಡ್, ಖಿನ್ನತೆ, ಕಿವಿ ಕೇಳಿಸುತ್ತಿದೆಯೇ, ಯಾವ ಯಾವ ಮಾತ್ರೆ ನುಂಗುತ್ತಿದ್ದಾರೆ ಎಂಬುದು. ಅರಳು ಮರಳು ಎಂದು ಮೂಲೆಗೆ ಕೂರಿಸಿದ ಎಷ್ಟೋ ಹಿರಿಯರ ಮರೆವಿಗೆ ಇವೇ ಕಾರಣ, ಇವಕ್ಕೆ ಚಿಕಿತ್ಸೆ ಇದೆ. ಡಿಮೆನ್ಷಿಯಾದಲ್ಲಿ ಸುಮಾರು ಶೇ 45ರಷ್ಟಕ್ಕೆ ನಾವು ತಿದ್ದಿಕೊಳ್ಳಬಹುದಾದ 14 ಕಾರಣಗಳು ಹೊಣೆ ಎಂದು 2024ರ ಲ್ಯಾನ್ಸೆಟ್ ಆಯೋಗ ಲೆಕ್ಕ ಹಾಕಿದೆ. ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಕಿವುಡುತನ, ಒಂಟಿತನ ಎಲ್ಲ ಆ ಪಟ್ಟಿಯಲ್ಲಿವೆ.

ಮುಂದೆ ನೋಡಬೇಕಾದ ಪ್ರಯೋಗಗಳು ಎರಡು ಬಗೆಯವು. ಒಂದು, ಟೌ ಮೇಲೆ ನೇರ ದಾಳಿ. ಟೌ ವಿರುದ್ಧದ ಮೊದಲ ಪ್ರತಿಕಾಯಗಳು ಹೆಚ್ಚೇನೂ ಮಾಡಲಿಲ್ಲ, ಬಹುಶಃ ಅವು ಕೋಶದ ಹೊರಗಿನ ಟೌಅನ್ನು ಮಾತ್ರ ಹಿಡಿದವು. ಬಿಐಐಬಿ080 ಎಂಬ ಔಷಧಿ ಕೋಶದ ಒಳಗೆ ಟೌ ತಯಾರಾಗುವುದನ್ನೇ ಕಡಿಮೆ ಮಾಡುತ್ತದೆ. ಬೆನ್ನುಹುರಿಯ ದ್ರವದಲ್ಲಿ ಟೌ ಇಳಿದದ್ದನ್ನು ಅದರ ಮೊದಲ ಹಂತದ ಪ್ರಯೋಗ ತೋರಿಸಿದೆ. ಎರಡನೆಯದು ಕಡ್ಡಿಯನ್ನು ಬೇಗ ಆರಿಸುವ ಪ್ರಯತ್ನ. ಅಹೆಡ್ 3-45 ಎಂಬ ಪ್ರಯೋಗದಲ್ಲಿ 55ರಿಂದ 80 ವಯಸ್ಸಿನ, ಮಿದುಳಲ್ಲಿ ಅಮೈಲಾಯ್ಡ್ ಇದ್ದೂ ಮರೆವು ಇಲ್ಲದವರಿಗೆ ಲೆಕಾನೆಮ್ಯಾಬ್ ಕೊಟ್ಟು ಸುಮಾರು ನಾಲ್ಕು ವರ್ಷ ನೋಡುತ್ತಾರೆ. ಡೊನಾನೆಮ್ಯಾಬ್‌ನದೂ ಅಂಥದ್ದೇ ಒಂದಿದೆ. ನಾನು ಇಲ್ಲಿ ಹೇಳಿದ್ದೆಲ್ಲ ಸರಿಯಾಗಿದ್ದರೆ ಇವರಲ್ಲಿ ಟೌ ಹರಡುವುದು ತಗ್ಗಬೇಕು, ನೆನಪು ಉಳಿಯಬೇಕು. ಉಳಿಯದಿದ್ದರೆ ಅಮೈಲಾಯ್ಡ್ ವಾದಕ್ಕೆ ಬೀಳುವ ಪೆಟ್ಟು 2024ರಲ್ಲಿ ಆ ಒಂದು ಪ್ರಬಂಧ ಹಿಂದಕ್ಕೆ ಹೋದದ್ದಕ್ಕಿಂತ ಎಷ್ಟೋ ದೊಡ್ಡದು. ಉಳಿದರೆ ಬೇರೊಂದು ಜಗಳ ಶುರುವಾಗುತ್ತದೆ: ಆರಾಮಾಗಿ ಓಡಾಡಿಕೊಂಡಿರುವ ಐವತ್ತೈದರ ಎಷ್ಟು ಜನರನ್ನು ಹುಡುಕಿ ಪರೀಕ್ಷೆ ಮಾಡಬೇಕು, ಮಿದುಳು ಊದುವ ಅಪಾಯವಿರುವ ಡ್ರಿಪ್ ಯಾರಿಗೆ ಹಾಕಬೇಕು, ಅದರ ಬಿಲ್ ಯಾರು ಕಟ್ಟಬೇಕು.